ಮನೆಮಂದಿಯ ಸಿಹಿ ಪೀಚ್ ಕಾಬ್ಲರ್

ಪ್ರತಿಯೊಂದು ನಾಡಿನ ಅಡುಗೆಮನೆಯಲ್ಲಿಯೂ ಎರಡು ಬಗೆಯ ತಿನಿಸುಗಳಿರುತ್ತವೆ. ಒಂದು ಬಗೆ, ನಾಲ್ಕು ಜನರೆದುರು ಇಟ್ಟು ಮೆಚ್ಚುಗೆ ಪಡೆಯುವಂಥದು. ಇನ್ನೊಂದು ಬಗೆ, ಮನೆಮಂದಿಯಷ್ಟೇ ಸುತ್ತ ಕುಳಿತು ಉಣ್ಣುವಂಥದು. ಮೊದಲನೆಯದರಲ್ಲಿ ಅಂದಕ್ಕೆ ಅಗ್ರಸ್ಥಾನ, ಎರಡನೆಯದರಲ್ಲಿ ತೃಪ್ತಿಗೆ. ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳಲ್ಲಿ ಬೇಸಿಗೆ ಬಂತೆಂದರೆ ಮನೆಮನೆಗಳ ಒಲೆಯಿಂದ ಘಮಘಮಿಸುವ ಪೀಚ್ ಕಾಬ್ಲರ್ ಎಂಬ ಸಿಹಿಯು ಈ ಎರಡನೆಯ ವರ್ಗಕ್ಕೆ ಸೇರಿದ್ದಾಗಿದೆ.

ಇದು ನಮ್ಮ ಊಹೆಯ ಮಾತಲ್ಲ. 1839ರಲ್ಲಿ ಲೆಟಿಸ್ ಬ್ರಯನ್ ಎಂಬ ಗೃಹಿಣಿ ಪ್ರಕಟಿಸಿದ ‘ದಿ ಕೆಂಟಕಿ ಹೌಸ್‌ವೈಫ್’ ಎಂಬ ಅಡುಗೆ ಪುಸ್ತಕದಲ್ಲಿ ಈ ತಿನಿಸಿನ ಪ್ರಸ್ತಾಪವಿದೆ. ಅತಿಥಿಗಳನ್ನು ಕರೆದಾಗ ಬಡಿಸಲು ಇದು ಅಷ್ಟೊಂದು ಸೊಗಸಿನ ಖಾದ್ಯವಲ್ಲ, ಆದರೆ ಮನೆಯವರ ಉಪಯೋಗಕ್ಕೆ ಅತ್ಯುತ್ತಮ, ತಣ್ಣನೆಯ ಹಾಲಿನೊಡನೆ ತಿನ್ನಬೇಕು ಎಂಬ ಅಭಿಪ್ರಾಯವನ್ನು ಆಕೆ ಸೂಚಿಸಿದ್ದಾಳೆ. ಸುಮಾರು ಎರಡು ಶತಮಾನಗಳು ಕಳೆದರೂ ಆ ಗೃಹಿಣಿಯ ತೀರ್ಪು ಸುಳ್ಳಾಗಿಲ್ಲ. ಅತಿಥಿಗಾಗಿ ಮೂರು ದಿನ ಮೊದಲೇ ಸಿದ್ಧತೆ ನಡೆಸುವ ನಾವು, ನಿತ್ಯ ನಮ್ಮೊಡನಿರುವವರಿಗಾಗಿ ಒಂದು ಸಂಜೆಯನ್ನಾದರೂ ಮೀಸಲಿಡುತ್ತೇವೆಯೇ? ಈ ಸರಳ ಸಿಹಿಯ ಹಿಂದೆ ಅಡಗಿರುವ ಪ್ರಶ್ನೆ ಇದು. ಆದ್ದರಿಂದಲೇ ಅದರ ಚರಿತ್ರೆಯನ್ನೂ ಮಾಡುವ ವಿಧಾನವನ್ನೂ ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ಚೀನಾದಿಂದ ಜಾರ್ಜಿಯಕ್ಕೆ

ಪೀಚ್ ಹಣ್ಣಿನ ಸಸ್ಯಶಾಸ್ತ್ರೀಯ ಹೆಸರಿನಲ್ಲಿ ‘ಪರ್ಸಿಕ’ ಎಂಬ ಪದವಿದೆ. ಪರ್ಷಿಯಾ ದೇಶದ ಮೂಲಕ ತಮಗೆ ಪರಿಚಯವಾದ ಈ ಹಣ್ಣನ್ನು ರೋಮನರು ಪರ್ಷಿಯಾದ ಸೇಬು ಎಂದೇ ಭಾವಿಸಿದರು. ವಾಸ್ತವದಲ್ಲಿ ಅದರ ತವರು ಚೀನಾ. ಅಲ್ಲಿನ ಯಾಂಗ್ಟ್‌ಸಿ ನದಿಯ ಕೆಳ ಕಣಿವೆಯಲ್ಲಿ ಏಳು ಸಾವಿರ ವರ್ಷಗಳಿಗೂ ಹಿಂದೆಯೇ ಜನರು ಒಳ್ಳೆಯ ಗಿಡಗಳನ್ನು ಆರಿಸಿ ಬೆಳೆಸತೊಡಗಿದ್ದರೆಂದು, ಅಗೆತದಲ್ಲಿ ದೊರೆತ ಪೀಚ್ ಓಟೆಗಳನ್ನು ಪರೀಕ್ಷಿಸಿದ ವಿದ್ವಾಂಸರು ಹೇಳಿದ್ದಾರೆ. ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಪೀಚ್ ಬೆಳೆಯುವ ದೇಶ ಚೀನಾವೇ.

ಅಮೆರಿಕ ಖಂಡಕ್ಕೆ ಈ ಹಣ್ಣನ್ನು ತಂದವರು 16ನೇ ಶತಮಾನದ ಸ್ಪೇನಿನವರು. ಆದರೆ ಅದನ್ನು ಒಳನಾಡಿಗೆ ಹರಡಿದ ಕೀರ್ತಿ ಅಲ್ಲಿನ ಮೂಲನಿವಾಸಿಗಳಿಗೆ ಸಲ್ಲತಕ್ಕದ್ದು. 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಈ ವಿಷಯವನ್ನು ಸ್ಪಷ್ಟಪಡಿಸಿದೆ. ಕಾಡನ್ನು ಸವರಿ, ಗಿಡಗಳಿಗೆ ಬೆಳಕು ಬೀಳುವಂತೆ ನೋಡಿಕೊಂಡು, ಓಟೆಗಳನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಕೈ ಬದಲಾಯಿಸಿ, ಅವರು ಈ ಹೊರನಾಡಿನ ಹಣ್ಣನ್ನು ತಮ್ಮದಾಗಿಸಿಕೊಂಡರು. ಮುಂದೆ ಒಳನಾಡಿಗೆ ಬಂದ ಇಂಗ್ಲಿಷ್ ವಲಸಿಗರಲ್ಲಿ ಹಲವರು ಅಲ್ಲಿ ಕಂಡ ಪೀಚ್ ತೋಪುಗಳನ್ನು ನೋಡಿ, ಇದು ಈ ನೆಲದ್ದೇ ಹಣ್ಣು ಎಂದು ತಿಳಿದದ್ದುಂಟು.

ವಲಸಿಗರು ತಮ್ಮೊಡನೆ ತಂದದ್ದು ಕಡುಬು ಮತ್ತು ಹಣ್ಣಿನ ಪೈಗಳ ನೆನಪನ್ನು. ಹೊಸ ನೆಲದಲ್ಲಿ ಇಟ್ಟಿಗೆಯ ಒಲೆಗಳಿರಲಿಲ್ಲ, ನಯವಾದ ಕಣಕವನ್ನು ತೆಳ್ಳಗೆ ಲಟ್ಟಿಸಿ ಪೈ ಕಟ್ಟುವ ಸೌಕರ್ಯವೂ ಇರಲಿಲ್ಲ. ಇದ್ದದ್ದು ಎರಕದ ಕಬ್ಬಿಣದ ಮೂರು ಕಾಲಿನ ಒಂದು ಪಾತ್ರೆ, ಅದಕ್ಕೊಂದು ಅಂಚುಳ್ಳ ಮುಚ್ಚಳ. ಪಾತ್ರೆಯಲ್ಲಿ ಹಣ್ಣು, ಅದರ ಮೇಲೆ ಹಿಟ್ಟಿನ ಮುದ್ದೆ; ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಅನಿವಾರ್ಯದಿಂದ ಹುಟ್ಟಿದ ಅಡುಗೆ ಹೀಗೆ ಒಂದು ನಾಡಿನ ರುಚಿಯಾಯಿತು. ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ಓವನ್ ಬರುವ ಮುನ್ನ ಮೇಲೆ ಕೆಳಗೆ ಕೆಂಡವಿಟ್ಟು ಕೇಕ್ ಬೇಯಿಸುತ್ತಿದ್ದುದನ್ನು ಕಂಡ ಹಿರಿಯರಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ.

ಕಾಬ್ಲರ್ ಎಂಬ ಇಂಗ್ಲಿಷ್ ಪದಕ್ಕೆ ಚಮ್ಮಾರ ಎಂಬ ಅರ್ಥವೂ ಇದೆ. ಈ ತಿನಿಸಿಗೆ ಆ ಹೆಸರು ಬಂದ ಬಗೆಯನ್ನು ಕುರಿತು ನಿಘಂಟುಕಾರರಲ್ಲಿ ಒಮ್ಮತವಿಲ್ಲ. ಬೆಂದ ಹಿಟ್ಟಿನ ಉಂಡೆಗಳು ಹಳೆಯ ಬೀದಿಗಳಿಗೆ ಹಾಸಿದ ಗುಂಡುಕಲ್ಲುಗಳಂತೆ ಕಾಣುವುದರಿಂದ ಈ ಹೆಸರು ಎಂದು ಕೆಲವರು ಹೇಳುತ್ತಾರೆ. ಹೇಗೇ ಇರಲಿ, ಹೆಸರಿನಲ್ಲಿಯೂ ಆಡಂಬರವಿಲ್ಲ ಎಂಬುದಂತೂ ನಿಜ.

ಹಣ್ಣಿನ ಹಿಂದಿನ ಕೈಗಳು

ಜಾರ್ಜಿಯ ರಾಜ್ಯವನ್ನು ‘ಪೀಚ್ ರಾಜ್ಯ’ ಎಂದೇ ಕರೆಯುವ ರೂಢಿಯಿದೆ. 1995ರಲ್ಲಿ ಅದು ಪೀಚನ್ನು ತನ್ನ ಅಧಿಕೃತ ಹಣ್ಣೆಂದು ಘೋಷಿಸಿತು. ಉತ್ಪಾದನೆಯಲ್ಲಿ ಕ್ಯಾಲಿಫೋರ್ನಿಯವು ಎಷ್ಟೋ ಮುಂದಿದೆ, ನೆರೆಯ ದಕ್ಷಿಣ ಕೆರೊಲಿನಾವೂ ಜಾರ್ಜಿಯವನ್ನು ಮೀರಿಸುತ್ತದೆ. ಆದರೂ ಹೆಸರು ಉಳಿದದ್ದು ಜಾರ್ಜಿಯಕ್ಕೆ. ಇದಕ್ಕೆ ಮುಖ್ಯ ಕಾರಣನಾದವನು ಮಾರ್ಷಲ್‌ವಿಲ್ ಎಂಬ ಊರಿನ ಸ್ಯಾಮ್ಯುಯೆಲ್ ರಂಫ್. 1870ರ ದಶಕದಲ್ಲಿ ಆತನ ತೋಟದಲ್ಲಿ ಬೆಳೆದ ಒಂದು ಹೊಸ ತಳಿಯು ಹಳದಿ ತಿರುಳಿನದಾಗಿ, ದೂರದ ಪ್ರಯಾಣವನ್ನು ಸಹಿಸುವಂತಿತ್ತು. ಆತ ಅದಕ್ಕೆ ತನ್ನ ಪತ್ನಿಯ ಹೆಸರನ್ನು ಸೇರಿಸಿ ‘ಎಲ್ಬರ್ಟಾ’ ಎಂದು ಕರೆದನು. ಮಂಜುಗಡ್ಡೆಯಿಟ್ಟು ತಂಪುಗೊಳಿಸಿದ ರೈಲು ಡಬ್ಬಿಗಳಲ್ಲಿ ಜಾರ್ಜಿಯದ ಹಣ್ಣು ನ್ಯೂಯಾರ್ಕಿನ ಪೇಟೆಯನ್ನು ತಲುಪಿತು.

ಆದರೆ ಹಣ್ಣನ್ನು ಕಿತ್ತು ಪೆಟ್ಟಿಗೆ ತುಂಬಿದವರ ಹೆಸರುಗಳು ಎಲ್ಲಿಯೂ ಉಳಿದಿಲ್ಲ. ಅಂತರ್ಯುದ್ಧದ ನಂತರ ಗುಲಾಮಗಿರಿ ಅಳಿದರೂ ದಕ್ಷಿಣದ ಹತ್ತಿಯ ಹೊಲಗಳಲ್ಲಿ ದುಡಿಯುತ್ತಿದ್ದವರು ಬಹುಮಟ್ಟಿಗೆ ಕರಿಯ ಜನರೇ. ಹತ್ತಿಯ ಕಳೆ ತೆಗೆದು ಮುಗಿದು, ಬಿಡಿಸುವ ಕಾಲ ಇನ್ನೂ ಬಾರದ ಬೇಸಿಗೆಯ ಬಿಡುವಿನಲ್ಲಿ ಪೀಚ್ ಹಣ್ಣಾಗುತ್ತಿದ್ದುದರಿಂದ, ಅದೇ ಕೈಗಳು ಕಡಿಮೆ ಕೂಲಿಗೆ ಇಲ್ಲಿಯೂ ದೊರೆತವು. ಇಂದು ಆ ಕೆಲಸವನ್ನು ಹೆಚ್ಚಾಗಿ ಮಾಡುವವರು ಹಂಗಾಮಿನ ವೀಸಾ ಪಡೆದು ಮೆಕ್ಸಿಕೋದಿಂದ ಬರುವ ಕಾರ್ಮಿಕರು. ಪೀಚಿನ ಸಿಪ್ಪೆ ಅತಿ ಸೂಕ್ಷ್ಮ; ಒಂದೊಂದನ್ನೂ ಕೈಯಿಂದಲೇ ನೋಡಿ, ಮುಟ್ಟಿ, ಕೀಳಬೇಕು. ಒಂದೇ ಮರವನ್ನು ಮೂರು ನಾಲ್ಕು ಬಾರಿ ಸುತ್ತಬೇಕು, ಏಕೆಂದರೆ ಎಲ್ಲ ಹಣ್ಣುಗಳೂ ಒಂದೇ ದಿನ ಮಾಗುವುದಿಲ್ಲ.

ಅಡುಗೆಮನೆಯ ಚರಿತ್ರೆಯೂ ಹೀಗೆಯೇ. ದಕ್ಷಿಣದ ಶ್ರೀಮಂತ ಮನೆಗಳ ಹೆಸರಾಂತ ಪಾಕಗಳನ್ನು ನಿತ್ಯ ಮಾಡಿ ರೂಪಿಸಿದವರು ಗುಲಾಮರಾಗಿದ್ದ ಹೆಂಗಸರು. ಅವರಲ್ಲೊಬ್ಬಳಾದ ಅಬಿ ಫಿಶರ್ ಬಿಡುಗಡೆಯ ನಂತರ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನೆಲೆಸಿದಳು. ಆಕೆಗೆ ಓದು ಬರಹ ತಿಳಿದಿರಲಿಲ್ಲ. ಆಕೆ ಹೇಳುತ್ತ ಹೋದಂತೆ ಇತರರು ಬರೆದುಕೊಂಡ ದಕ್ಷಿಣದ ಅಡುಗೆಗಳ ಪುಸ್ತಕವು 1881ರಲ್ಲಿ ಪ್ರಕಟವಾಯಿತು. ಅಕ್ಷರವಿಲ್ಲದವಳ ಕೈಯಲ್ಲಿ ಎಷ್ಟು ಜ್ಞಾನವಿತ್ತೆಂಬುದಕ್ಕೆ ಆ ಪುಸ್ತಕವೇ ಸಾಕ್ಷಿ. ಇಂದು ಅಮೆರಿಕದ ಕರಿಯ ಸಮುದಾಯದ ಭಾನುವಾರದ ಊಟದಲ್ಲಿ, ಚರ್ಚಿನ ಅಂಗಳದ ಸಾಮೂಹಿಕ ಭೋಜನದಲ್ಲಿ, ಸಾವಿನ ಮನೆಗೆ ನೆರೆಯವರು ಒಯ್ಯುವ ಬುತ್ತಿಯಲ್ಲಿ ಪೀಚ್ ಕಾಬ್ಲರಿಗೆ ಇರುವ ಸ್ಥಾನವನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು.

ಚಳಿಯಿಲ್ಲದೆ ಹಣ್ಣಿಲ್ಲ

ಪೀಚ್ ಮರದ ಸ್ವಭಾವದಲ್ಲಿ ಒಂದು ವಿಶೇಷವಿದೆ. ಬೇಸಿಗೆಯ ಈ ರಸಭರಿತ ಹಣ್ಣಿಗೆ ಚಳಿಗಾಲವೇ ಅಡಿಪಾಯ. ಎಲೆಯುದುರಿಸಿ ನಿದ್ರಿಸುವ ಮರವು ಸುಮಾರು 7 ಡಿಗ್ರಿ ಸೆಲ್ಷಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ನಿರ್ದಿಷ್ಟ ಗಂಟೆಗಳನ್ನು ಕಳೆಯಬೇಕು. ಜಾರ್ಜಿಯದ ಅನೇಕ ತಳಿಗಳಿಗೆ ಇಂತಹ 650ರಿಂದ 850 ಗಂಟೆಗಳ ಚಳಿ ಅವಶ್ಯ. ಮರವು ಆ ಲೆಕ್ಕವನ್ನು ತನ್ನೊಳಗೇ ಇಟ್ಟುಕೊಂಡು, ಲೆಕ್ಕ ಪೂರ್ತಿಯಾದ ಬಳಿಕವೇ ವಸಂತದ ಬಿಸಿಲಿಗೆ ಓಗೊಟ್ಟು ಹೂ ಬಿಡುತ್ತದೆ. ಚಳಿ ಸಾಲದಾದರೆ ಮೊಗ್ಗುಗಳು ಅರೆಬರೆ ಅರಳಿ ಉದುರುತ್ತವೆ. ಚಳಿಗಾಲದ ನಡುವೆಯೇ ಸೆಕೆ ಬಂದು ಮರ ಬೇಗ ಹೂ ಬಿಟ್ಟರೆ, ನಂತರ ಬೀಳುವ ಹಿಮವು ಹೂವನ್ನು ಕೊಲ್ಲುತ್ತದೆ.

ಈ ಎರಡೂ ಆಪತ್ತುಗಳನ್ನು ಜಾರ್ಜಿಯ ಇತ್ತೀಚೆಗೆ ಕಂಡಿದೆ. 2017ರಲ್ಲಿ ಚಳಿಗಾಲವು ಬೆಚ್ಚಗಿದ್ದ ಕಾರಣ ಬೆಳೆಯ ಬಹುಭಾಗ ನಾಶವಾಯಿತು. 2023ರಲ್ಲಿ ಬೆಚ್ಚನೆಯ ಚಳಿಗಾಲದ ಹಿಂದೆಯೇ ಮಾರ್ಚ್ ತಿಂಗಳ ಹಿಮವೂ ಎರಗಿ, ಶೇಕಡ 90ಕ್ಕೂ ಹೆಚ್ಚು ಬೆಳೆ ಹೋಯಿತು. ತಲೆಮಾರುಗಳಿಂದ ತೋಟ ನಡೆಸಿಕೊಂಡು ಬಂದ ಕುಟುಂಬಗಳು ಕಡಿಮೆ ಚಳಿ ಸಾಕೆನ್ನುವ ತಳಿಗಳ ಕಡೆಗೆ ದೃಷ್ಟಿ ಹರಿಸಿವೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಫೋರ್ಟ್ ವ್ಯಾಲಿ ಎಂಬ ಊರಿನ ಪೀಚ್ ಉತ್ಸವದಲ್ಲಿ ಊರಿಗೆಲ್ಲ ಹಂಚುವಷ್ಟು ದೊಡ್ಡ ಕಾಬ್ಲರ್ ಬೇಯಿಸುವ ಸಂಪ್ರದಾಯವಿದೆ. ಋತುಮಾನವು ಕೈಕೊಟ್ಟರೆ ಆ ಸಂಭ್ರಮಕ್ಕೂ ಅರ್ಥವಿರುವುದಿಲ್ಲ. ತಾಜಾ ಹಣ್ಣು ಎಂಬುದು ಹಣ ಕೊಟ್ಟರೆ ಸದಾ ಸಿಗುವ ಸರಕಲ್ಲ, ಋತುವು ಕೊಟ್ಟಾಗ ಕೈಯೊಡ್ಡಿ ಪಡೆಯಬೇಕಾದದ್ದು ಎಂಬ ಪಾಠ ಇಲ್ಲಿದೆ.

ನಮ್ಮ ದೇಶದಲ್ಲಿಯೂ ಪೀಚ್ ಬೆಳೆಯುವುದು ಚಳಿಯಿರುವ ಕಡೆಗಳಲ್ಲೇ. ಹಿಮಾಚಲ ಪ್ರದೇಶ, ಉತ್ತರಾಖಂಡಗಳ ಬೆಟ್ಟಗಳು ಇದಕ್ಕೆ ಹೆಸರಾಗಿವೆ. ಕಡಿಮೆ ಚಳಿ ಬೇಡುವ ತಳಿಗಳನ್ನು ಪಂಜಾಬಿನ ಬಯಲಿನಲ್ಲಿಯೂ ಬೆಳೆಯುತ್ತಾರೆ. ಹಿಂದಿಯಲ್ಲಿ ಇದಕ್ಕೆ ‘ಆಡೂ’ ಎಂದು ಹೆಸರು. ಬೇಸಿಗೆಯ ತಿಂಗಳುಗಳಲ್ಲಿ ಬೆಂಗಳೂರಿನಂತಹ ನಗರಗಳ ಹಣ್ಣಿನ ಅಂಗಡಿಗಳಿಗೆ ಬರುವ ಪೀಚ್ ಬಹುಮಟ್ಟಿಗೆ ಈ ಕಡೆಯದು. ಗಾತ್ರದಲ್ಲಿ ಅಮೆರಿಕದ ಹಣ್ಣಿಗಿಂತ ಸಣ್ಣದಾದರೂ ಕಾಬ್ಲರಿಗೆ ಏನೂ ಕೊರತೆಯಿಲ್ಲ.

ಹಣ್ಣನ್ನು ಆರಿಸುವ ವಿವೇಕ

ಪೀಚನ್ನು ಕೊಳ್ಳುವಾಗ ಕೆಂಬಣ್ಣಕ್ಕೆ ಮರುಳಾಗಬಾರದು. ಕೆಂಪು ಬರುವುದು ತಳಿಯಿಂದಲೂ ಬಿಸಿಲಿನಿಂದಲೂ; ಅದು ಮಾಗಿದ ಗುರುತಲ್ಲ. ಕೆಂಪಿನ ಕೆಳಗಿರುವ ಮೂಲಬಣ್ಣವನ್ನು ನೋಡಬೇಕು. ಅದರಲ್ಲಿ ಹಸಿರು ಛಾಯೆಯಿದ್ದರೆ ಹಣ್ಣನ್ನು ಬೇಗ ಕಿತ್ತಿದ್ದಾರೆಂದು ಅರ್ಥ. ಹೊನ್ನಿನ ಹಳದಿಯಿದ್ದರೆ ಒಳ್ಳೆಯದು. ತೊಟ್ಟಿನ ಬಳಿ ಮೂಗಿಟ್ಟರೆ ಪರಿಮಳ ಬರಬೇಕು, ಅಲ್ಲಿ ಮೆಲ್ಲಗೆ ಒತ್ತಿದರೆ ಸ್ವಲ್ಪ ಬಾಗಬೇಕು.

ಕಿತ್ತ ಬಳಿಕವೂ ಪೀಚ್ ಮೆತ್ತಗಾಗುತ್ತದೆ, ಪರಿಮಳವೂ ಹೆಚ್ಚುತ್ತದೆ. ಆದರೆ ಬಾಳೆಯಂತೆ ಒಳಗೆ ಪಿಷ್ಟದ ಸಂಗ್ರಹವಿಲ್ಲದ ಕಾರಣ ಸಿಹಿ ಹೆಚ್ಚುವುದಿಲ್ಲ. ಮರದ ಮೇಲೆ ಪಡೆದ ಸಿಹಿ ಎಷ್ಟೋ ಅಷ್ಟೇ. ಸ್ವಲ್ಪ ಗಟ್ಟಿಯಿರುವ ಹಣ್ಣನ್ನು ಕಾಗದದ ಚೀಲದಲ್ಲಿ ಒಂದೆರಡು ದಿನ ಹೊರಗಿಡಬೇಕು. ಮಾಗುವ ಮೊದಲೇ ಫ್ರಿಜ್ಜಿನಲ್ಲಿಟ್ಟರೆ ತಿರುಳು ಒಣಗಿ ಹಿಟ್ಟುಹಿಟ್ಟಾಗುತ್ತದೆ. ಮತ್ತೆ ಅದನ್ನು ಸರಿಪಡಿಸಲಾಗದು. ಮಾಗಿದ ಮೇಲೆ ಎರಡು ಮೂರು ದಿನಗಳಲ್ಲಿ ಬಳಸಬೇಕು. ಇಲ್ಲಿ ಹಣ್ಣು ನಮಗಾಗಿ ಕಾಯುವುದಿಲ್ಲ, ನಾವೇ ಅದಕ್ಕಾಗಿ ಸಮಯ ಮಾಡಿಕೊಳ್ಳಬೇಕು.

ಪೀಚಿನಲ್ಲಿ ಎರಡು ಬಗೆ. ತಿರುಳು ಓಟೆಗೆ ಬಿಗಿಯಾಗಿ ಅಂಟಿಕೊಂಡಿರುವುದು ಒಂದು. ಇಬ್ಭಾಗ ಮಾಡಿ ತಿರುಚಿದರೆ ಓಟೆ ಸಲೀಸಾಗಿ ಬಿಡುವುದು ಇನ್ನೊಂದು. ಅಂಟುವ ಬಗೆ ಹಂಗಾಮಿನ ಆರಂಭದಲ್ಲಿ ಬರುತ್ತದೆ, ಬಿಡುವ ಬಗೆ ನಂತರ. ರುಚಿಗೆ ಎರಡೂ ಸರಿ, ಕೆಲಸಕ್ಕೆ ಎರಡನೆಯದು ಸುಲಭ. ಓಟೆಯೊಳಗಿನ ಬೀಜವನ್ನು ಮಕ್ಕಳು ಜಗಿಯದಂತೆ ನೋಡಿಕೊಳ್ಳಬೇಕು. ಅದರಲ್ಲಿರುವ ಒಂದು ಪದಾರ್ಥವು ಹೊಟ್ಟೆಯಲ್ಲಿ ಸೈನೈಡ್ ವಿಷವನ್ನು ಉಂಟುಮಾಡುತ್ತದೆ.

ಮಾಡುವ ಕ್ರಮ

ಆರೇಳು ಜನರ ಕುಟುಂಬಕ್ಕೆ ಸುಮಾರು ಒಂದೂಕಾಲು ಕಿಲೋ ಪೀಚ್ ಬೇಕು. ಹಣ್ಣಿನ ತಳದಲ್ಲಿ ಚಾಕುವಿನಿಂದ ಗುಣಿಸು ಗುರುತು ಹಾಕಿ, ಕುದಿಯುವ ನೀರಿನಲ್ಲಿ ಅರ್ಧದಿಂದ ಒಂದು ನಿಮಿಷ ಮುಳುಗಿಸಿ, ಕೂಡಲೇ ತಣ್ಣೀರಿಗೆ ಹಾಕಬೇಕು. ಮಾಗಿದ ಹಣ್ಣಾದರೆ ಸಿಪ್ಪೆಯು ಬೆರಳಿಗೇ ಜಾರಿ ಬರುತ್ತದೆ. ಓಟೆ ತೆಗೆದು ಬೆರಳಿನ ದಪ್ಪಕ್ಕೆ ಹೋಳು ಮಾಡಿ, ಒಂದು ದೊಡ್ಡ ಚಮಚ ನಿಂಬೆರಸ ಬೆರೆಸಬೇಕು. ಗಾಳಿ ತಾಗಿದ ಹೋಳು ಕಪ್ಪಾಗುವುದನ್ನು ನಿಂಬೆಯ ಹುಳಿ ತಡೆಯುತ್ತದೆ, ಸಿಹಿಗೂ ಒಂದು ಹದ ಕೊಡುತ್ತದೆ.

ಸಕ್ಕರೆ ಹಾಕುವ ಮೊದಲು ಒಂದು ಹೋಳನ್ನು ಬಾಯಿಗೆ ಹಾಕಿಕೊಳ್ಳಬೇಕು. ಇದು ಬಹು ಮುಖ್ಯ. ಪುಸ್ತಕಗಳು 150 ಗ್ರಾಂ ಎನ್ನಬಹುದು. ಬಹಳ ಸಿಹಿಯಾದ ಹಣ್ಣಿಗೆ 100 ಗ್ರಾಂ ಸಾಕು, ಸಪ್ಪೆಯಾದುದಕ್ಕೆ ಇನ್ನೂ ಸ್ವಲ್ಪ ಬೇಕಾದೀತು. ಸಕ್ಕರೆಯೊಡನೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು, ಚಿಟಿಕೆ ಜಾಯಿಕಾಯಿ ಅಥವಾ ದಾಲ್ಚಿನ್ನಿ ಪುಡಿ ಸೇರಿಸಬೇಕು. ಮಸಾಲೆಯು ಹಣ್ಣಿನ ಪರಿಮಳವನ್ನು ಎತ್ತಿಹಿಡಿಯಬೇಕೇ ಹೊರತು ಮುಚ್ಚಬಾರದು. ಇದನ್ನೆಲ್ಲ ಅಗಲವಾದ, ಎರಡು ಅಂಗುಲ ಆಳದ ಟ್ರೇಯಲ್ಲಿ ಹರಡಿ, 190 ಡಿಗ್ರಿ ಸೆಲ್ಷಿಯಸ್‌ಗೆ ಕಾಯಿಸಿದ ಓವನ್ನಿನಲ್ಲಿ ಮೊದಲು ಹದಿನೈದು ನಿಮಿಷ ಹಣ್ಣನ್ನು ಮಾತ್ರ ಬಿಸಿಮಾಡಬೇಕು. ತಣ್ಣಗಿನ ಹಣ್ಣಿನ ಮೇಲೆ ಹಿಟ್ಟನ್ನು ಇಟ್ಟರೆ ಮೇಲ್ಭಾಗ ಕೆಂಪಾದರೂ ಕೆಳಭಾಗ ಹಸಿಯಾಗಿಯೇ ಉಳಿಯುತ್ತದೆ.

ಅಷ್ಟರಲ್ಲಿ ಮೇಲಿನ ಹೊದಿಕೆಯನ್ನು ಸಿದ್ಧಗೊಳಿಸಬೇಕು. ಅಮೆರಿಕದವರು ಇದನ್ನು ‘ಬಿಸ್ಕಿಟ್’ ಎನ್ನುತ್ತಾರೆ. ಇದು ನಾವು ಚಹಾದಲ್ಲಿ ಅದ್ದುವ ಗರಿಗರಿ ಬಿಸ್ಕತ್ತಲ್ಲ. ಮೇಲೆ ತುಸು ಗರಿಯಾಗಿ ಒಳಗೆ ಮೆತ್ತಗಿರುವ ಒಂದು ಬಗೆಯ ಸಣ್ಣ ರೊಟ್ಟಿ. 200 ಗ್ರಾಂ ಮೈದಾ, ಎರಡು ಸಣ್ಣ ಚಮಚ ಬೇಕಿಂಗ್ ಪೌಡರ್, ಅರ್ಧ ಸಣ್ಣ ಚಮಚ ಉಪ್ಪು, ಮೂರು ದೊಡ್ಡ ಚಮಚ ಸಕ್ಕರೆ ಇವನ್ನು ಕಲಸಿ, 85 ಗ್ರಾಂ ತಣ್ಣನೆಯ ಗಟ್ಟಿ ಬೆಣ್ಣೆಯನ್ನು ಚೂರು ಮಾಡಿ ಬೆರಳ ತುದಿಯಿಂದ ಉಜ್ಜಬೇಕು. ಕಡಲೆಕಾಳಿನ ಗಾತ್ರದ ಬೆಣ್ಣೆಯ ಚೂರುಗಳು ಅಲ್ಲಲ್ಲಿ ಉಳಿದಿರಬೇಕು. ಓವನ್ನಿನಲ್ಲಿ ಅವು ಕರಗಿ, ಅವುಗಳಲ್ಲಿನ ನೀರು ಹಬೆಯಾಗಿ ಹಿಟ್ಟನ್ನು ಪದರಪದರವಾಗಿ ಎತ್ತುತ್ತದೆ. ಬಳಿಕ ಸುಮಾರು 150 ಮಿಲಿ ಲೀಟರ್ ಗಟ್ಟಿ ಮಜ್ಜಿಗೆ ಸುರಿದು, ಹಿಟ್ಟು ಕೂಡಿಕೊಂಡ ಕೂಡಲೇ ಕೈ ತೆಗೆಯಬೇಕು. ಚಪಾತಿಯ ಹಿಟ್ಟಿನಂತೆ ನಾದಿದರೆ ಅಂಟು ಬಲಿತು ಹೊದಿಕೆ ತೊಗಲಿನಂತಾಗುತ್ತದೆ. ನಮ್ಮ ನೀರು ಮಜ್ಜಿಗೆ ಇದಕ್ಕೆ ತೀರ ತೆಳುವಾಯಿತು. ಮೊಸರಿಗೆ ಸ್ವಲ್ಪವೇ ನೀರು ಹಾಕಿ ಕಡೆದರೆ ಸರಿಯಾದ ಹದ ಬರುತ್ತದೆ.

ಬಿಸಿಯಾದ ಹಣ್ಣಿನ ಮೇಲೆ ಈ ಹಿಟ್ಟನ್ನು ದೊಡ್ಡ ಚಮಚದಿಂದ ಅಲ್ಲಲ್ಲಿ ಇಡಬೇಕು. ನಡುವೆ ಸಂದುಗಳಿರಲಿ, ಹಬೆ ಹೋಗಲು, ರಸ ಉಕ್ಕಲು ಅವು ದಾರಿ. ಮೇಲೆ ಸ್ವಲ್ಪ ಸಕ್ಕರೆ ಉದುರಿಸಿ ಮತ್ತೆ 30ರಿಂದ 35 ನಿಮಿಷ ಬೇಯಿಸಬೇಕು. ಹೊದಿಕೆ ಹೊಂಬಣ್ಣಕ್ಕೆ ತಿರುಗಿದರೆ ಮಾತ್ರ ಸಾಲದು. ಟ್ರೇಯ ನಡುಭಾಗದಲ್ಲಿಯೂ ರಸವು ದಪ್ಪ ಗುಳ್ಳೆಗಳಾಗಿ ಕುದಿಯಬೇಕು. ಕುದಿದ ಮೇಲೆಯೇ ಕಾರ್ನ್‌ಫ್ಲೋರ್ ರಸವನ್ನು ಹಿಡಿದಿಡುತ್ತದೆ. ಹೊರತೆಗೆದ ಬಳಿಕ ಅರ್ಧ ಗಂಟೆಯಾದರೂ ಬಿಡಬೇಕು. ಆರುತ್ತ ಆರುತ್ತ ರಸ ಗಟ್ಟಿಯಾಗುತ್ತದೆ. ತಾಳ್ಮೆಗೆಟ್ಟು ಬಡಿಸಿದರೆ ತಟ್ಟೆಯಲ್ಲಿ ನೀರಾಡುತ್ತದೆ, ನಾಲಿಗೆಯೂ ಸುಡುತ್ತದೆ.

ದಕ್ಷಿಣದ ಎಲ್ಲ ಮನೆಗಳಲ್ಲೂ ಇದೇ ಕ್ರಮವೆಂದು ತಿಳಿಯಬಾರದು. ಕೆಲವರು ಟ್ರೇಯಲ್ಲಿ ಬೆಣ್ಣೆ ಕರಗಿಸಿ, ಹಿಟ್ಟು, ಸಕ್ಕರೆ, ಹಾಲುಗಳನ್ನು ಸಮ ಅಳತೆಯಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಸ್ವಲ್ಪ ಬೇಕಿಂಗ್ ಪೌಡರ್ ಸೇರಿಸಿ ಸುರಿದು, ಅದರ ಮೇಲೆ ಹಣ್ಣನ್ನಿಡುತ್ತಾರೆ. ಬೇಯುವಾಗ ಹಿಟ್ಟು ಮೇಲೆದ್ದು ಹಣ್ಣನ್ನು ಅಪ್ಪಿಕೊಳ್ಳುತ್ತದೆ. ಇನ್ನು ಕೆಲವರು ಪೈ ಕಣಕವನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಹಣ್ಣಿನ ನಡುವೆಯೂ ಮೇಲೆಯೂ ಹಾಸುತ್ತಾರೆ. ತನ್ನ ತಾಯಿ ಮಾಡುತ್ತಿದ್ದುದೇ ನಿಜವಾದ ಕಾಬ್ಲರ್ ಎಂದು ಪ್ರತಿಯೊಬ್ಬರೂ ವಾದಿಸುತ್ತಾರೆ. ಆ ವಾದಕ್ಕೆ ಕೊನೆಯಿಲ್ಲ, ಇರಬೇಕಾಗಿಯೂ ಇಲ್ಲ.

ನಿಯಮವೂ ಹಣ್ಣೂ

ಕಲೆಯು ಪ್ರಕೃತಿಯನ್ನು ಅನುಕರಿಸುತ್ತದೆ, ಪ್ರಕೃತಿಯು ಅರ್ಧಕ್ಕೆ ಬಿಟ್ಟುದನ್ನು ಪೂರ್ಣಗೊಳಿಸುತ್ತದೆ ಎಂಬ ವಿಚಾರವನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಮುಂದಿಟ್ಟನು. ಕಾಬ್ಲರ್ ಈ ಮಾತಿಗೆ ಒಂದು ಮನೆಯ ಉದಾಹರಣೆ. ಹಣ್ಣನ್ನು ಮರ ಮಾಗಿಸಿತು, ಒಲೆ ಅದನ್ನು ಊಟವಾಗಿಸಿತು. ಅದೇ ತತ್ತ್ವಜ್ಞಾನಿಯು ವಿವೇಕವೆಂಬ ಗುಣವನ್ನು ಕುರಿತು ಹೇಳುವಾಗ ಇನ್ನೊಂದು ಅಂಶವನ್ನು ಎತ್ತಿ ತೋರಿಸುತ್ತಾನೆ. ಗಣಿತವನ್ನು ಎಳೆಯರೂ ಕಲಿತು ನಿಪುಣರಾಗಬಹುದು. ಆದರೆ ವಿವೇಕವು ಎದುರಿಗಿರುವ ಒಂದೊಂದು ವಸ್ತುವನ್ನು, ಒಂದೊಂದು ಸಂದರ್ಭವನ್ನು ಅರಿಯುವಂಥದಾದ್ದರಿಂದ ಅದು ಅನುಭವದಿಂದಲೇ ಬರಬೇಕು.

ಡಬ್ಬಿಯ ಪೀಚ್ ವರ್ಷವಿಡೀ ಒಂದೇ ರುಚಿ. ಅದಕ್ಕೆ ಪುಸ್ತಕದ ಅಳತೆ ಸಾಕು. ತಾಜಾ ಹಣ್ಣು ಹಾಗಲ್ಲ. ಕಳೆದ ವಾರದ್ದು ಹುಳಿ, ಈ ವಾರದ್ದು ಜೇನು. ನಿಯಮವು ಎಲ್ಲ ಹಣ್ಣುಗಳಿಗೂ ಒಂದೇ ಮಾತನ್ನು ಹೇಳುತ್ತದೆ. ಕೈಯಲ್ಲಿರುವ ಈ ಹಣ್ಣಿಗೆ ಎಷ್ಟು ಸಕ್ಕರೆ ಎಂಬುದನ್ನು ರುಚಿ ನೋಡಿದವರಷ್ಟೇ ಬಲ್ಲರು. ಮಕ್ಕಳನ್ನು ಬೆಳೆಸುವ ತಂದೆತಾಯಿಗಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಒಬ್ಬ ಮಗನಿಗೆ ಗದರಿದರೆ ತಿದ್ದಿಕೊಳ್ಳುತ್ತಾನೆ, ಇನ್ನೊಬ್ಬನಿಗೆ ಬೆನ್ನು ಸವರಿದರೆ ಮಾತ್ರ. ಹಣ್ಣನ್ನು ರುಚಿ ನೋಡದೆ ಸಕ್ಕರೆ ಸುರಿಯುವುದು ಹೇಗೆ ತಪ್ಪೋ, ಮಗುವನ್ನು ಅರಿಯದೆ ನಿಯಮ ಹೇರುವುದೂ ಹಾಗೆಯೇ.

ಮೇಜಿನ ಸುತ್ತ

ಕಾಬ್ಲರಿನ ಇನ್ನೊಂದು ಗುಣವೆಂದರೆ ಅದನ್ನು ಒಬ್ಬರಿಗಾಗಿ ಮಾಡಲು ಬರುವುದಿಲ್ಲ. ಟ್ರೇ ದೊಡ್ಡದು, ಚಮಚದಿಂದ ಬಗೆದು ತಟ್ಟೆಗೆ ಹಾಕುವುದೇ ಅದರ ಬಡಿಸುವ ಕ್ರಮ. ಕೇಕಿನಂತೆ ಅಳೆದು ಕತ್ತರಿಸಲಾಗದ್ದರಿಂದ ಯಾರ ಪಾಲು ದೊಡ್ಡದೆಂಬ ಜಗಳಕ್ಕೂ ಅವಕಾಶ ಕಡಿಮೆ. ಬೆಚ್ಚಗಿರುವಾಗ ತಣ್ಣನೆಯ ಕೆನೆಯನ್ನೋ ವೆನಿಲಾ ಐಸ್‌ಕ್ರೀಮನ್ನೋ ಮೇಲೆ ಹಾಕುತ್ತಾರೆ. ಮರುದಿನ ಬೆಳಿಗ್ಗೆ ಉಳಿದುದನ್ನು ತಣ್ಣಗೇ ತಿನ್ನುವವರೂ ಉಂಟು.

ಸಿಪ್ಪೆ ತೆಗೆಯುವುದು, ಹೋಳು ಮಾಡುವುದು, ಬೆಣ್ಣೆ ಉಜ್ಜುವುದು, ಹಿಟ್ಟು ಹಾಕುವುದು ಇವೆಲ್ಲ ನಾಲ್ಕು ಜನ ಹಂಚಿಕೊಳ್ಳಬಹುದಾದ ಕೆಲಸಗಳು. ತಂದೆ ಹಣ್ಣನ್ನು ಹೆಚ್ಚಲಿ, ಮಗಳು ಬೆಣ್ಣೆ ಉಜ್ಜಲಿ, ಕಿರಿಯವನು ರುಚಿ ನೋಡಿ ಸಕ್ಕರೆಯ ತೀರ್ಪು ಕೊಡಲಿ. ಎಲ್ಲವನ್ನೂ ತಾಯಿಯೊಬ್ಬಳ ಹೆಗಲಿಗೆ ಹೊರಿಸಿ ಉಳಿದವರು ದೂರದರ್ಶನದ ಮುಂದೆಯೋ ಕೈಫೋನಿನ ಮುಂದೆಯೋ ಕುಳಿತಿರುವ ಮನೆಯಲ್ಲಿ, ತಿನಿಸು ಎಷ್ಟೇ ರುಚಿಯಾದರೂ ಅದು ಹೋಟೆಲಿನ ಊಟಕ್ಕಿಂತ ಹೆಚ್ಚಾಗದು. ಓವನ್ನಿನ ಮುಂದಿನ ಆ ಮುಕ್ಕಾಲು ಗಂಟೆ, ಅನಂತರದ ಅರ್ಧ ಗಂಟೆಯ ಕಾಯುವಿಕೆ, ಇವು ವ್ಯರ್ಥವಾದ ಸಮಯಗಳಲ್ಲ. ಮನೆಯವರು ಒಬ್ಬರೊಡನೊಬ್ಬರು ಮಾತನಾಡಲು ಈಗ ಉಳಿದಿರುವ ಬಿಡುವುಗಳು ಇಂಥವೇ.

ದೂರದ ದೇಶದಲ್ಲಿ ನೆಲೆಸಿರುವ ನಮ್ಮ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗುವ ತಂದೆತಾಯಿಗಳಿಗೆ ಅಲ್ಲಿನ ನೆರೆಯವರು ಈ ಸಿಹಿಯನ್ನು ತಂದುಕೊಟ್ಟರೆ ಅದರ ಬೆಲೆಯನ್ನು ಅರಿತು ಸ್ವೀಕರಿಸಲಿ. ಅದು ಪರಕೀಯರಿಗೆಂದು ಮಾಡಿದ ಪ್ರದರ್ಶನದ ತಿನಿಸಲ್ಲ. ತಮ್ಮ ಮನೆಮಂದಿಗೆ ಮಾಡಿದ್ದರಲ್ಲಿ ಒಂದು ಪಾಲು. ಇನ್ನು ಊರಿನಲ್ಲಿರುವವರು ಪೀಚ್ ಸಿಗಲಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಅಮೆರಿಕದವರೇ ಇದೇ ಹೊದಿಕೆಯ ಕೆಳಗೆ ಸೇಬು, ಚೆರ್ರಿ, ಕಾಡುಹಣ್ಣುಗಳನ್ನು ಬೇಯಿಸುತ್ತಾರೆ. ಋತು ಏನನ್ನು ಕೊಟ್ಟಿದೆಯೋ ಅದನ್ನು ರುಚಿ ನೋಡಿ, ಅದಕ್ಕೆ ತಕ್ಕ ಸಕ್ಕರೆ ಬೆರೆಸಿದರಾಯಿತು.

ಮುಂದಿನ ಭಾನುವಾರ ಅತಿಥಿಗಳು ಯಾರೂ ಬರುವುದಿಲ್ಲವೆಂದು ತಿಳಿದಿದ್ದರೆ, ಅದನ್ನೇ ಒಳ್ಳೆಯ ದಿನವೆಂದು ಭಾವಿಸಿ ಒಲೆ ಹೊತ್ತಿಸೋಣ.